ಪಿಯುಸಿ ಅಂಕಕ್ಕೆ ಎಲ್ಲ ಕಡೆ ಒಂದೇ ತೂಕ ಇದೆಯಾ? ಸ್ಕೇಲಿಂಗ್ ಲೆಕ್ಕದ ಪೂರ್ತಿ ವಿವರ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ಸಿಇಟಿ ರ್‍ಯಾಂಕ್ ಪಟ್ಟಿ ಹೊರಬೀಳುವವರೆಗೆ ತಾಲ್ಲೂಕಿನ ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿಗಳ ಮುಂದೆ ಮೂರು ಮಾತು ಕೇಳುತ್ತಲೇ ಇರುತ್ತೆ. ಸಿಬಿಎಸ್‌ಇಯಲ್ಲಿ ಅಂಕ ಬಿಗಿ, ಪಿಯು ಬೋರ್ಡ್‌ನಲ್ಲಿ ಸಡಿಲ ಅನ್ನೋದು ಒಂದು. ದೊಡ್ಡ ಕಾಲೇಜಿನವರು ಇಂಟರ್ನಲ್ ಪೂರ್ತಿ ಹಾಕಿಬಿಡ್ತಾರೆ ಅನ್ನೋದು ಎರಡನೇದು. ಹೋದ ವರ್ಷದವರಿಗೆ ಪೇಪರ್ ಸುಲಭ ಇತ್ತು, ಈ ವರ್ಷದವರು ಕೆಟ್ಟರು ಅನ್ನೋದು ಮೂರನೇದು. ಮಾತು ಮೂರಾದರೂ ಒಳಗಿರುವ ಪ್ರಶ್ನೆ ಒಂದೇ. ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಅಂಕವನ್ನು ಒಂದೇ ಪಟ್ಟಿಯಲ್ಲಿ ಕೂರಿಸೋದು ಹೇಗೆ?

ಹಾಗೆ ಕೂರಿಸುವ ಲೆಕ್ಕಕ್ಕೆ ಸ್ಕೇಲಿಂಗ್ ಅಂತಾರೆ. ನಾರ್ಮಲೈಸೇಷನ್, ಸ್ಟ್ಯಾಂಡರ್ಡೈಸೇಷನ್, ಮಾಡರೇಷನ್ ಅನ್ನುವ ಹೆಸರುಗಳೂ ಇವೆ. ಸೂತ್ರ ಬೇರೆ ಬೇರೆ ಇದ್ದರೂ ಕೆಲಸ ಒಂದೇ: ವಿದ್ಯಾರ್ಥಿ ಪಡೆದ ಅಂಕವನ್ನು ಇದ್ದ ಹಾಗೇ ತಗೊಳ್ಳದೆ, ಅವನು ಬರೆದ ಬೋರ್ಡ್, ವರ್ಷ, ವಿಷಯ ಅಥವಾ ಕಾಲೇಜು ನೋಡಿಕೊಂಡು ಮೇಲಕ್ಕೋ ಕೆಳಕ್ಕೋ ಸರಿಸೋದು.

ಸಿಇಟಿಯಲ್ಲಿ ಈಗ ಏನಿದೆ

ಕರ್ನಾಟಕದ ಎಂಜಿನಿಯರಿಂಗ್ ರ್‍ಯಾಂಕ್ ಲೆಕ್ಕ ಸರಳ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕಕ್ಕೆ ಅರ್ಧ ತೂಕ, ಸಿಇಟಿಯ 180 ಅಂಕಕ್ಕೆ ಇನ್ನರ್ಧ. ಒಬ್ಬ ಹುಡುಗಿಗೆ ಪಿಯುಸಿಯಲ್ಲಿ 300ಕ್ಕೆ 270 ಬಂದಿದೆ ಅಂದುಕೊಳ್ಳಿ, ಅದು ಶೇ 90, ಅರ್ಧ ಮಾಡಿದರೆ 45. ಸಿಇಟಿಯಲ್ಲಿ 180ಕ್ಕೆ 90 ಬಂದರೆ ಶೇ 50, ಅರ್ಧಕ್ಕೆ 25. ಎರಡೂ ಸೇರಿ 70. ಈ 70ರ ಮೇಲೇ ರ್‍ಯಾಂಕ್.

ಇಲ್ಲಿ ಗಮನಿಸಬೇಕಾದ್ದು, ಪಿಯು ಬೋರ್ಡ್‌ನ ಶೇ 90, ಸಿಬಿಎಸ್‌ಇಯ ಶೇ 90, ಐಸಿಎಸ್‌ಇಯವರ ಶೇ 90 ಮೂರೂ ಒಂದೇ ಅಂತ ಲೆಕ್ಕ. ಬೋರ್ಡ್ ನೋಡಿ ಏರಿಸೋದೂ ಇಲ್ಲ, ಇಳಿಸೋದೂ ಇಲ್ಲ. 2024ರಿಂದ ಪಿಯು ಬೋರ್ಡ್ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿ ಹೆಚ್ಚು ಬಂದ ಅಂಕ ಉಳಿಸಿಕೊಳ್ಳೋಕೆ ಬಿಟ್ಟಿದೆ. ಆ ಪ್ರಶ್ನೆಪತ್ರಿಕೆಗಳ ನಡುವೆಯೂ ಸರಿಪಡಿಕೆ ಇಲ್ಲ.

ಸ್ಕೇಲಿಂಗ್ ಇಲ್ಲದಿರೋದೇ ನ್ಯಾಯ ಅಂತ ಎಷ್ಟೋ ಜನ ತಿಳಿದಿದ್ದಾರೆ. 'ಬಂದಷ್ಟು ಅಂಕ ಬಂತು, ಮುಗೀತು' ಅಂತ. ಆದರೆ ಎರಡು ಬೋರ್ಡ್‌ನ 90 ಒಂದೇ ಅಂತ ಹೇಳೋದೂ ಒಂದು ಸೂತ್ರವೇ. ಸರಾಗವಾಗಿ ಅಂಕ ಕೊಡುವ ಬೋರ್ಡ್‌ನವರಿಗೆ ಅನುಕೂಲ ಮಾಡಿಕೊಡುವ ಸೂತ್ರ ಅದು. ಸುಮ್ಮನಿದ್ದರೆ ಪಕ್ಷ ವಹಿಸಿದ ಹಾಗಲ್ಲ ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ.

2021ರ ಬ್ಯಾಚ್ ಮತ್ತು 24 ಸಾವಿರ ಮಕ್ಕಳು

ಕರ್ನಾಟಕದಲ್ಲಿ ಸ್ಕೇಲಿಂಗ್ ಅನ್ನುವ ಪದ ಮನೆ ಮನೆಗೂ ಬಂದದ್ದು 2022ರಲ್ಲಿ. ಆದರೆ ಬೀಜ ಬಿದ್ದದ್ದು ಒಂದು ವರ್ಷ ಮೊದಲು.

ಕೋವಿಡ್ ಎರಡನೇ ಅಲೆಯಲ್ಲಿ, 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯ್ತು. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಶೇ 45, ಪ್ರಥಮ ಪಿಯುಸಿ ಅಂಕಕ್ಕೆ ಶೇ 45, ದ್ವಿತೀಯ ಪಿಯುಸಿಯ ಕಾಲೇಜು ಮಟ್ಟದ ಸಾಧನೆಗೆ ಶೇ 10 ಅಂತ ಸೂತ್ರ ಮಾಡಿ ಅಂಕ ಹಂಚಿದರು. ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು, ಎಲ್ಲರೂ ಪಾಸ್. 2,239 ಮಂದಿಗೆ 600ಕ್ಕೆ 600. ಅದರ ಹಿಂದಿನ ವರ್ಷ, 2020ರಲ್ಲಿ, ಇಡೀ ರಾಜ್ಯದಲ್ಲಿ ಒಬ್ಬರಿಗೂ 600 ಇರಲಿಲ್ಲ, ಪಾಸಾದವರು ಶೇ 61.80. ಪರೀಕ್ಷೆ ಮತ್ತೆ ನಡೆದ 2022ರಲ್ಲಿ ಫಲಿತಾಂಶ ಶೇ 61.88ಕ್ಕೆ ಬಂತು. ಅಂದ್ರೆ ನಡುವಿನ ಒಂದು ಬ್ಯಾಚ್ ಮಾತ್ರ ಬೇರೆಯೇ ತಕ್ಕಡಿಯಲ್ಲಿ ತೂಗಿದ್ದು.

ಪ್ರಥಮ ಪಿಯುಸಿ ಉತ್ತರ ಪತ್ರಿಕೆ ತಿದ್ದುವವರು ಆಯಾ ಕಾಲೇಜಿನ ಉಪನ್ಯಾಸಕರೇ. ಬಿಗಿಯಾಗಿ ತಿದ್ದಿದ ಕಾಲೇಜಿನ ಮಕ್ಕಳಿಗೆ ಕಡಿಮೆ, ಧಾರಾಳವಾಗಿ ಹಾಕಿದ ಕಾಲೇಜಿನವರಿಗೆ ಜಾಸ್ತಿ. ಫಸ್ಟ್ ಪಿಯು ತಾನೇ, ಪಾಸಾದರೆ ಸಾಕು ಅಂತ ಆರಾಮಾಗಿ ಓದಿದ ಹುಡುಗನಿಗೂ ಅದೇ ಅಂಕ ಬಂದು ಕುತ್ತಿಗೆಗೆ ಕೂತಿತು. ಯಾವ ಕಾಲೇಜಿನ ತಕ್ಕಡಿಯನ್ನೂ ಪಕ್ಕದ ಕಾಲೇಜಿನ ಜತೆ ಇಟ್ಟು ನೋಡಲಿಲ್ಲ.

2021ರ ಸಿಇಟಿಯಲ್ಲಿ ಇದರ ಬಿಸಿ ತಟ್ಟಲಿಲ್ಲ. ಆ ವರ್ಷ ಪಿಯುಸಿ ಅಂಕ ಬಿಟ್ಟು ಸಿಇಟಿ ಅಂಕದ ಮೇಲೇ ರ್‍ಯಾಂಕ್ ಕೊಟ್ಟರು. ತಾಪತ್ರಯ ಶುರುವಾದದ್ದು ಅದೇ ಬ್ಯಾಚ್‌ನ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದಾಗ. ಜುಲೈ 30ಕ್ಕೆ ರ್‍ಯಾಂಕ್ ಬಂತು. ಹೊಸಬರಿಗೆ ಪಿಯುಸಿ ಅರ್ಧ, ಸಿಇಟಿ ಅರ್ಧ. ರಿಪೀಟರ್‌ಗಳಿಗೆ ಸಿಇಟಿ ಮಾತ್ರ. ಸಿಇಟಿಗಿಂತ ಪಿಯುಸಿಯಲ್ಲಿ ಶೇಕಡಾವಾರು ಅಂಕ ಹೆಚ್ಚು ಬರೋದು ಸಾಮಾನ್ಯ, ಹಾಗಾಗಿ ರಿಪೀಟರ್‌ಗಳ ರ್‍ಯಾಂಕ್ ಒಂದೇ ಏಟಿಗೆ ಕೆಳಗೆ ಬಿತ್ತು. ಮೇಲಿನ ಉದಾಹರಣೆಯ ಹುಡುಗಿ ರಿಪೀಟರ್ ಆಗಿದ್ದರೆ ಅವಳ 70 ಹೋಗಿ 50 ಆಗುತ್ತಿತ್ತು.

ಮಕ್ಕಳು ಹೈಕೋರ್ಟ್‌ಗೆ ಹೋದರು. ಪರೀಕ್ಷೆ ರದ್ದು ಮಾಡಿದ್ದು ಸರ್ಕಾರ, ಅಂಕಪಟ್ಟಿ ಕೊಟ್ಟದ್ದೂ ಸರ್ಕಾರ, ಈಗ ಅದು ನಡೆಯಲ್ಲ ಅಂದ್ರೆ ಹೇಗೆ ಅನ್ನೋದು ಅವರ ವಾದ. ನಿಯಮದಲ್ಲೇ ಅರ್ಧ ಅರ್ಧ ಅಂತ ಇದೆ. 2022ರ ಸೆಪ್ಟೆಂಬರ್ 3ಕ್ಕೆ ನ್ಯಾಯಮೂರ್ತಿ ಎಸ್.ಆರ್. ಕೃಷ್ಣಕುಮಾರ್ ಅವರ ಏಕಸದಸ್ಯ ಪೀಠ ರಿಪೀಟರ್‌ಗಳ ಪರ ತೀರ್ಪು ಕೊಟ್ಟಿತು. ಆಗ ಹೊಸ ಬ್ಯಾಚ್‌ನವರ ಮನೆಗಳಲ್ಲಿ ಗಾಬರಿ. ಪರೀಕ್ಷೆ ಹಾಲ್‌ನಲ್ಲಿ ಕೂತು ಮೂರು ಗಂಟೆ ಬರೆದು ತಂದ 85ರ ಮೇಲೆ, ಪರೀಕ್ಷೆಯೇ ಇಲ್ಲದೆ ಬಂದ 98 ಕೂರುತ್ತಲ್ಲ ಅಂತ. ಅವರ ಮಾತಲ್ಲೂ ಸುಳ್ಳಿರಲಿಲ್ಲ.

ಸರ್ಕಾರ ಮೇಲ್ಮನವಿ ಹಾಕಿತು, ಸಮಿತಿ ಕೂತಿತು, ಕೊನೆಗೆ ವಿಭಾಗೀಯ ಪೀಠದ ಮುಂದೆ ನಡುವಿನ ದಾರಿ ಬಂತು. 2021ರ ಬ್ಯಾಚ್‌ನವರ ಪಿಯುಸಿ ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು, ಉಳಿದದ್ದನ್ನು ಅರ್ಧ ಅರ್ಧ ಲೆಕ್ಕಕ್ಕೆ ತಗೊಳ್ಳೋದು. ಹೊಸ ಪಟ್ಟಿ ಬರುವಷ್ಟರಲ್ಲಿ ಅಕ್ಟೋಬರ್. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

6 ಅಂಕ ಅಂದ್ರೆ ಎಷ್ಟು? ಮೂರು ವಿಷಯಕ್ಕೆ 18. 270 ಇದ್ದದ್ದು 252 ಆಗುತ್ತೆ, ಶೇ 84. ಅರ್ಧ ಮಾಡಿದರೆ 42. ರ್‍ಯಾಂಕ್ ಲೆಕ್ಕದಲ್ಲಿ ಹೋದದ್ದು 3 ಅಂಕ. ಕೇಳೋಕೆ ಚಿಕ್ಕದು. ಆದರೆ ನಡುವಿನ ರ್‍ಯಾಂಕ್‌ಗಳಲ್ಲಿ ಜನ ಒತ್ತಾಗಿ ನಿಂತಿರ್ತಾರೆ, ಸಂತೆ ದಿನ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಅಲ್ಲಿ 3 ಅಂಕದ ಒಳಗೆ ಸಾವಿರಾರು ಮಕ್ಕಳು ಬಂದುಬಿಡ್ತಾರೆ.

ಇದು ಸ್ಕೇಲಿಂಗ್‌ನಲ್ಲಿ ತೀರಾ ಒರಟು ವಿಧಾನ. ಎರಡು ಬ್ಯಾಚ್‌ನ ವ್ಯತ್ಯಾಸ ನೋಡಿ ಎಲ್ಲರಿಂದಲೂ ಒಂದೇ ಅಳತೆಯಲ್ಲಿ ಕಳೆಯೋದು. ಧಾರಾಳ ಕಾಲೇಜಿನಿಂದ ಬಂದ 100ಕ್ಕೂ ಅಷ್ಟೇ ಕಡಿತ, ಬಿಗಿ ಕಾಲೇಜಿನಿಂದ ಬಂದ 75ಕ್ಕೂ ಅಷ್ಟೇ ಕಡಿತ. ಬ್ಯಾಚ್ ಬ್ಯಾಚ್ ನಡುವಿನ ಅನ್ಯಾಯ ಸ್ವಲ್ಪ ಕಮ್ಮಿ ಆಯ್ತು, ಒಂದೇ ಬ್ಯಾಚ್‌ನ ಕಾಲೇಜು ಕಾಲೇಜು ನಡುವಿನದ್ದು ಹಾಗೇ ಉಳೀತು. ಆದರೂ ಅಷ್ಟು ಹೊತ್ತಿಗೆ ಬೇರೆ ದಾರಿ ಇರಲಿಲ್ಲ ಅನ್ನೋದನ್ನೂ ಒಪ್ಪಬೇಕು.

ಕೇರಳದಲ್ಲಿ ಪಟ್ಟಿಯೇ ತಿರುಗಿತು

ಬೋರ್ಡ್‌ಗಳ ನಡುವೆ ಸ್ಕೇಲಿಂಗ್ ಮಾಡಿದರೆ ಸರಿಹೋಗುತ್ತೆ ಅನ್ನುವವರು ಪಕ್ಕದ ಕೇರಳವನ್ನು ನೋಡಬೇಕು. ಅಲ್ಲಿನ ಕೀಮ್ ಪರೀಕ್ಷೆಯಲ್ಲೂ ಅರ್ಧ ಅರ್ಧ ಲೆಕ್ಕ. ಪ್ರವೇಶ ಪರೀಕ್ಷೆಗೆ 300, ಹನ್ನೆರಡನೇ ತರಗತಿ ಅಂಕಕ್ಕೆ 300. ಆದರೆ ಹನ್ನೆರಡನೇ ತರಗತಿ ಅಂಕವನ್ನು ನೇರ ತಗೊಳ್ಳೋದಿಲ್ಲ. ಪ್ರತಿ ಬೋರ್ಡ್‌ನ ಸರಾಸರಿ ಎಷ್ಟು, ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅಂತ ನೋಡಿ, ಆಮೇಲೆ ಎಲ್ಲರನ್ನೂ ಒಂದೇ ಅಳತೆಗೆ ತರ್ತಿದ್ದರು.

ಉದಾಹರಣೆಗೆ, ಒಂದು ಬೋರ್ಡ್‌ನ ಗಣಿತದ ಸರಾಸರಿ 80, ಹರಡುವಿಕೆ 10 ಅಂತಿಟ್ಟುಕೊಳ್ಳಿ. ಇನ್ನೊಂದರ ಸರಾಸರಿ 65, ಹರಡುವಿಕೆ 15. ಮೊದಲ ಬೋರ್ಡ್‌ನಲ್ಲಿ 90 ಪಡೆದವನು ಸರಾಸರಿಗಿಂತ ಒಂದು ಮೆಟ್ಟಿಲು ಮೇಲೆ. ಎರಡನೇ ಬೋರ್ಡ್‌ನಲ್ಲಿ 80 ಪಡೆದವಳೂ ಒಂದು ಮೆಟ್ಟಿಲು ಮೇಲೆ. ಹಾಗಾಗಿ ಅವನ 90, ಇವಳ 80 ಸಮ. ಲೆಕ್ಕ ಚೆನ್ನಾಗೇ ಇದೆ. ಒಂದೇ ಷರತ್ತು, ಎರಡೂ ಬೋರ್ಡ್‌ನ ಮಕ್ಕಳು ಒಟ್ಟಾರೆ ಒಂದೇ ಮಟ್ಟದವರು ಅಂತ ಒಪ್ಪಿಕೊಂಡಿರಬೇಕು. ಅದನ್ನು ಮಾತ್ರ ಯಾರೂ ಸಾಬೀತು ಮಾಡೋಕಾಗಲ್ಲ.

ರಾಜ್ಯ ಪಠ್ಯಕ್ರಮದ ಸರಾಸರಿ ಮೇಲಿದ್ದರೆ ಅದರ ಮಕ್ಕಳ ಅಂಕ ಈ ಲೆಕ್ಕದಲ್ಲಿ ಇಳಿಯುತ್ತೆ. ಪೂರ್ತಿ ಅಂಕ ತಗೊಂಡರೂ ಇಳಿಯುತ್ತೆ ಅಂತ ಅಲ್ಲಿ ಅನೇಕ ವರ್ಷದ ದೂರು. 2025ರಲ್ಲಿ ಸರ್ಕಾರ ಸೂತ್ರ ಬದಲಿಸಿತು. ಪ್ರತಿ ಬೋರ್ಡ್‌ನ ಅತಿ ಹೆಚ್ಚು ಅಂಕವನ್ನು 100 ಅಂತ ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸೋದು, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಸಮ ತೂಕದ ಬದಲು 5:3:2. ಗರಿಷ್ಠ ಅಂಕವನ್ನು ಸಮ ಮಾಡುವ ಪದ್ಧತಿ ತಮಿಳುನಾಡಿನಲ್ಲಿ ಇದೆ. ಅಲ್ಲಿ 2007ರಿಂದ ಎಂಜಿನಿಯರಿಂಗ್‌ಗೆ ರಾಜ್ಯದ ಪ್ರವೇಶ ಪರೀಕ್ಷೆಯೇ ಇಲ್ಲ, ಹನ್ನೆರಡನೇ ತರಗತಿ ಅಂಕವೇ ಎಲ್ಲ.

ಕೇರಳ ಎಡವಿದ್ದು ಸೂತ್ರದಲ್ಲಿ ಅಲ್ಲ, ಸಮಯದಲ್ಲಿ. ಬದಲಾವಣೆಯ ಆದೇಶ ಬಂದದ್ದು ಪರೀಕ್ಷೆ ಮುಗಿದು, ಜುಲೈ 1ರಂದು ರ್‍ಯಾಂಕ್ ಪಟ್ಟಿ ಬಿಡುವ ಹೊತ್ತಿಗೆ. ಆಟ ಮುಗಿದ ಮೇಲೆ ನಿಯಮ ಬದಲಿಸೋಕಾಗಲ್ಲ ಅಂತ ಕೇರಳ ಹೈಕೋರ್ಟ್ ಜುಲೈ 9ಕ್ಕೆ ಪಟ್ಟಿ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅದೇ ಸಂಜೆ ಹಳೇ ಸೂತ್ರದ ಪಟ್ಟಿ ಬಂತು. ಮೊದಲ ರ್‍ಯಾಂಕ್ ಒಬ್ಬ ಹುಡುಗನಿಂದ ಇನ್ನೊಬ್ಬನಿಗೆ ಹೋಯ್ತು. ಮೊದಲ ನೂರರಲ್ಲಿ ರಾಜ್ಯ ಪಠ್ಯಕ್ರಮದವರು 43 ಇದ್ದವರು 21ಕ್ಕೆ ಇಳಿದರು. ಸುಪ್ರೀಂ ಕೋರ್ಟ್ ಕೂಡ ಆ ವರ್ಷಕ್ಕೆ ತಡೆ ಕೊಡಲಿಲ್ಲ.

ಅದೇ ಮಕ್ಕಳು, ಅದೇ ಉತ್ತರ ಪತ್ರಿಕೆ, ಅದೇ ಅಂಕ. ಸೂತ್ರ ಬದಲಾದ್ದಕ್ಕೆ ನೂರರಲ್ಲಿ 22 ಜಾಗ ಕೈ ಬದಲಾಯ್ತು.

ಕಾಲೇಜು ನೋಡಿ ಅಂಕ ಸರಿಸಿದರೆ

ಇದು ಎಲ್ಲಕ್ಕಿಂತ ಸೂಕ್ಷ್ಮ. 2021ರಲ್ಲಿ ಸಿಬಿಎಸ್‌ಇಯೂ ಹನ್ನೆರಡನೇ ತರಗತಿ ಪರೀಕ್ಷೆ ರದ್ದು ಮಾಡಿತ್ತು. ಹತ್ತನೇ ತರಗತಿಗೆ ಶೇ 30, ಹನ್ನೊಂದಕ್ಕೆ 30, ಹನ್ನೆರಡರ ಶಾಲಾ ಪರೀಕ್ಷೆಗಳಿಗೆ 40 ಅಂತ ಹಂಚಿಕೆ. ಕರ್ನಾಟಕದ ಪಿಯು ಬೋರ್ಡ್ ಮಾಡದ ಒಂದು ಕೆಲಸ ಅದು ಮಾಡಿತು. ಶಾಲೆಗಳು ಮನಸ್ಸಿಗೆ ಬಂದಷ್ಟು ಅಂಕ ಹಾಕದ ಹಾಗೆ ಕಡಿವಾಣ. ಹಿಂದಿನ ಮೂರು ವರ್ಷದಲ್ಲಿ ಶಾಲೆಯ ಫಲಿತಾಂಶ ಯಾವಾಗ ಚೆನ್ನಾಗಿತ್ತೋ ಆ ವರ್ಷವನ್ನು ಅಳತೆಗೋಲು ಮಾಡಿ, ವಿಷಯವಾರು ಸರಾಸರಿ ಅದರಿಂದ 5 ಅಂಕಕ್ಕಿಂತ ಆಚೀಚೆ ಹೋಗಬಾರದು, ಒಟ್ಟು ಸರಾಸರಿ 2 ಅಂಕಕ್ಕಿಂತ ಮೇಲೆ ಹೋಗಬಾರದು ಅಂತ ಕಟ್ಟು ಹಾಕಿತು.

ಧಾರಾಳತನ ತಡೆಯೋಕೆ ಇದು ಒಳ್ಳೇ ಉಪಾಯವೇ. ಆದರೆ ನಿಮ್ಮ ಮಗಳ ಅಂಕಕ್ಕೆ ಮಿತಿ ಹಾಕಿದ್ದು ಯಾರು? ಆ ಶಾಲೆಯಲ್ಲಿ ಎರಡು ಮೂರು ವರ್ಷ ಮೊದಲು ಓದಿ ಹೋದವರು. ಅವಳು ನೋಡಿಯೂ ಇಲ್ಲದ ಮಕ್ಕಳು.

ಇಂಗ್ಲೆಂಡಿನಲ್ಲಿ 2020ರಲ್ಲಿ ಇದೇ ವಿಚಾರ ಬೀದಿಗೆ ಬಂತು. ಎ ಲೆವೆಲ್ ಪರೀಕ್ಷೆ ರದ್ದಾದ ಮೇಲೆ ಶಿಕ್ಷಕರು ಕೊಟ್ಟ ಗ್ರೇಡ್‌ಗಳನ್ನು ಶಾಲೆಯ ಹಳೇ ಫಲಿತಾಂಶ ನೋಡಿ ಕಂಪ್ಯೂಟರ್ ಸೂತ್ರ ಸರಿಪಡಿಸಿತು. ನೂರರಲ್ಲಿ ಸುಮಾರು 39 ಗ್ರೇಡ್ ಕೆಳಗಿಳಿದವು. ತೀರಾ ಚಿಕ್ಕ ತರಗತಿಗಳಿಗೆ ಸೂತ್ರ ಹಾಕಲಿಲ್ಲ, ಅಲ್ಲಿ ಶಿಕ್ಷಕರು ಹೇಳಿದ್ದೇ ಗ್ರೇಡ್. ಚಿಕ್ಕ ತರಗತಿ ಹೆಚ್ಚಾಗಿ ಇದ್ದದ್ದು ಫೀಸ್ ಕಟ್ಟಿ ಓದುವ ಖಾಸಗಿ ಶಾಲೆಗಳಲ್ಲಿ. ಆಗಸ್ಟ್ 13ಕ್ಕೆ ಬಂದ ಫಲಿತಾಂಶವನ್ನು ಪ್ರತಿಭಟನೆ ತಾಳಲಾರದೆ 17ಕ್ಕೆ ವಾಪಸ್ ತಗೊಂಡರು. ನಾಲ್ಕೇ ದಿನ.

ಈ ಸೂತ್ರ ಕರ್ನಾಟಕಕ್ಕೆ ತಂದು ಇಟ್ಟು ನೋಡಿ. 2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆ ಶೇ 93.90, ಯಾದಗಿರಿ ಶೇ 48.45. ಕಾಲೇಜಿನ ಹಳೇ ಫಲಿತಾಂಶವೇ ಅಳತೆಗೋಲಾದರೆ ಯಾದಗಿರಿಯ ಹಳ್ಳಿ ಕಾಲೇಜಿನ ಜಾಣ ಹುಡುಗಿಗೆ ಏನು ಗತಿ? ಲ್ಯಾಬ್ ಇಲ್ಲದೆ, ವರ್ಷದ ನಡುವೆ ಅತಿಥಿ ಉಪನ್ಯಾಸಕರಿಗೆ ಕಾಯುತ್ತಾ ಓದಿ ಮೇಲೆ ಬಂದವಳನ್ನು ಸೂತ್ರ ಮತ್ತೆ ಕೆಳಗೆ ಎಳೆಯುತ್ತೆ. ಎಷ್ಟೇ ಕೆಟ್ಟದಿದ್ದರೂ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವ ಪರೀಕ್ಷೆ ಅಂಥ ಮಕ್ಕಳ ಪಾಲಿಗೆ ದೊಡ್ಡದು. ಅಲ್ಲಿ ಕಾಲೇಜಿನ ಹೆಸರಿಗೆ ಅಂಕ ಇಲ್ಲ.

ಆ 20 ಅಂಕ

ಹಾಗಂತ ಈಗ ಎಲ್ಲ ಅಂಕವೂ ಒಂದೇ ಪರೀಕ್ಷೆಯಿಂದ ಬರ್ತಿಲ್ಲ. ಪ್ರಾಯೋಗಿಕ ಇರುವ ವಿಷಯಗಳಿಗೆ ಥಿಯರಿ 70, ಪ್ರಾಯೋಗಿಕ 30. ಗಣಿತ, ಭಾಷೆಯಂಥ ಪ್ರಾಯೋಗಿಕ ಇಲ್ಲದ ವಿಷಯಗಳಿಗೆ 2023-24ರಿಂದ ಥಿಯರಿ 80, ಆಂತರಿಕ ಮೌಲ್ಯಮಾಪನ 20. ಆಂತರಿಕ ಅಂಕ ಹಾಕೋದು ಕಾಲೇಜು.

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ಕಿರಾಣಿ ಅಂಗಡಿಯ ತಕ್ಕಡಿಗೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು, ಅವಧಿ ಮುಗಿದರೆ ದಂಡ. ಸಾವಿರಾರು ಕಾಲೇಜುಗಳ 20 ಅಂಕದ ತಕ್ಕಡಿಗೆ ಅಂಥ ಮುದ್ರೆ ಇಲ್ಲ. ಒಂದು ಕಾಲೇಜು ಎಲ್ಲರಿಗೂ 20ಕ್ಕೆ 20 ಹಾಕಿ, ಇನ್ನೊಂದು ಕಾಲೇಜು ಅಸೈನ್‌ಮೆಂಟ್ ನೋಡಿ 14 ಹಾಕಿದರೆ, ಎರಡನೇ ಕಾಲೇಜಿನವರು ಪ್ರಾಮಾಣಿಕರಾಗಿದ್ದಕ್ಕೆ ಅವರ ಮಕ್ಕಳು ದಂಡ ಕಟ್ಟಿದ ಹಾಗೆ. ಗಣಿತದಲ್ಲಿ 6 ಅಂಕ ಅಂದ್ರೆ ಸಿಇಟಿ ಲೆಕ್ಕದಲ್ಲಿ 300ಕ್ಕೆ 6, ರ್‍ಯಾಂಕ್ ಅಂಕದಲ್ಲಿ ಪೂರ್ತಿ 1.

ಇದಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಅಂದ್ರೆ ಸಿಡ್ನಿ ಇರುವ ಕಡೆ, ಒಂದು ದಾರಿ ಇದೆ. ಅಲ್ಲಿ ಹನ್ನೆರಡನೇ ತರಗತಿಯಲ್ಲಿ ಅರ್ಧ ಅಂಕ ಶಾಲೆಯದು, ಅರ್ಧ ಸಾರ್ವಜನಿಕ ಪರೀಕ್ಷೆಯದು. ಆದರೆ ಶಾಲೆ ಹಾಕಿದ ಅಂಕ ಹಾಗೇ ಹೋಗಲ್ಲ. ಅದೇ ಶಾಲೆಯ ಅದೇ ಮಕ್ಕಳು ಅದೇ ವರ್ಷ ಸಾರ್ವಜನಿಕ ಪರೀಕ್ಷೆಯಲ್ಲಿ ಒಟ್ಟಾಗಿ ಹೇಗೆ ಮಾಡಿದರು ಅಂತ ನೋಡಿ, ಶಾಲೆಯ ಸರಾಸರಿಯನ್ನು ಅಲ್ಲಿಗೆ ತಂದು ಕೂರಿಸ್ತಾರೆ. ಶಾಲೆಯೊಳಗೆ ಯಾರು ಮೊದಲು, ಯಾರು ಹಿಂದೆ ಅನ್ನೋದನ್ನು ಶಾಲೆ ಹೇಳುತ್ತೆ. ಅಂಕದ ಎತ್ತರ ಎಷ್ಟು ಅನ್ನೋದನ್ನು ಪರೀಕ್ಷೆ ಹೇಳುತ್ತೆ. ಎಲ್ಲರಿಗೂ 20 ಹಾಕಿದರೂ ಲಾಭ ಇಲ್ಲ. ಹಳೇ ಬ್ಯಾಚ್‌ನ ಪಾಪ ಹೊಸಬರ ಮೇಲೂ ಬೀಳಲ್ಲ. ಕಾಲೇಜು ಮಟ್ಟದ ಸ್ಕೇಲಿಂಗ್ ಮಾಡಲೇಬೇಕು ಅಂದ್ರೆ ಇದೇ ಹೆಚ್ಚು ನ್ಯಾಯ ಅನ್ನಿಸುತ್ತೆ. ಹತ್ತು ಹನ್ನೆರಡು ಮಕ್ಕಳಿರುವ ಕಾಲೇಜಿನಲ್ಲಿ ಸರಾಸರಿಗೆ ಅರ್ಥ ಕಡಿಮೆ, ಅದೊಂದು ತೊಡಕು.

ವಿಷಯ ವಿಷಯದ ನಡುವೆ

ಸಿಇಟಿಗೆ ಎಲ್ಲರ ವಿಷಯವೂ ಅವೇ ಆದ್ದರಿಂದ ಈ ಜಗಳ ಕಮ್ಮಿ. ಪದವಿ ಕಾಲೇಜಿನ ಮೆರಿಟ್ ಪಟ್ಟಿಯಲ್ಲಿ ಒಟ್ಟು ಶೇಕಡಾವಾರು ನೋಡುವಾಗ ಮಾತ್ರ ಏಳುತ್ತೆ. ಹೆಚ್ಚು ಅಂಕ ಬರುತ್ತೆ ಅಂತ ಭಾಷೆ ಆರಿಸೋದು, ಕನ್ನಡ ಬಿಟ್ಟು ಸಂಸ್ಕೃತ ತಗೊಳ್ಳೋದು ಹೊಸ ಸುದ್ದಿಯೇನಲ್ಲ. 2025ರ ಪರೀಕ್ಷೆ-1ರಲ್ಲಿ ವಿಜ್ಞಾನದ ಫಲಿತಾಂಶ ಶೇ 82.54, ವಾಣಿಜ್ಯ 76.07, ಕಲಾ ವಿಭಾಗ 53.29. ಇದನ್ನು ನೋಡಿ ಕಲಾ ವಿಭಾಗದ ಪೇಪರ್ ಕಷ್ಟ ಅನ್ನೋಕಾಗಲ್ಲ. ಯಾರು ಯಾವ ವಿಭಾಗಕ್ಕೆ ಸೇರ್ತಾರೆ ಅನ್ನೋದೇ ಬೇರೆ.

ನ್ಯೂ ಸೌತ್ ವೇಲ್ಸ್‌ನವರು ಇದಕ್ಕೂ ಲೆಕ್ಕ ಇಟ್ಟಿದ್ದಾರೆ. ಒಂದು ವಿಷಯ ತಗೊಂಡ ಮಕ್ಕಳು ತಮ್ಮ ಉಳಿದ ವಿಷಯಗಳಲ್ಲಿ ಹೇಗೆ ಮಾಡಿದ್ದಾರೆ ಅಂತ ನೋಡಿ ಆ ವಿಷಯದ ಅಂಕವನ್ನು ಏರಿಸಿ ಇಳಿಸ್ತಾರೆ. ಜಾಣರು ಸೇರಿದ ವಿಷಯ ಮೇಲಕ್ಕೆ, ಉಳಿದದ್ದು ಕೆಳಕ್ಕೆ. ಹೀಗಾದಾಗ ಮಕ್ಕಳು ಇಷ್ಟದ ವಿಷಯ ಬಿಟ್ಟು ಸ್ಕೇಲಿಂಗ್ ಚೆನ್ನಾಗಿರುವ ವಿಷಯ ಹುಡುಕ್ತಾರೆ ಅನ್ನುವ ದೂರು ಅಲ್ಲೂ ಇದೆ.

ಪೋಷಕರು ಗಮನಿಸಬೇಕಾದ್ದು

ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು ಹನ್ನೆರಡನೇ ತರಗತಿ ಅಂಕವನ್ನು ಕೆಇಎ ವೆಬ್‌ಸೈಟ್‌ನಲ್ಲಿ ತಾವೇ ದಾಖಲಿಸಬೇಕು. ರ್‍ಯಾಂಕ್ ಸಿಗಬೇಕಂದ್ರೆ ಎಂಜಿನಿಯರಿಂಗ್‌ಗೆ ಮೂರು ವಿಷಯ ಸೇರಿ ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಕ್ಕೆ ಶೇ 40 ಇರಲೇಬೇಕು. ಆಂತರಿಕ ಅಂಕ ಎಷ್ಟು ಹೋಗಿದೆ ಅಂತ ಕಾಲೇಜಿನಲ್ಲಿ ಪರೀಕ್ಷೆಗೆ ಮೊದಲೇ ಕೇಳಿ ನೋಡಿಕೊಳ್ಳಿ, ಕೇಳೋಕೆ ಸಂಕೋಚ ಬೇಡ. ಫಲಿತಾಂಶ ಬಂದ ಮೇಲೆ ಸ್ಕ್ಯಾನ್ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಆದರೆ ಅದರಲ್ಲಿ ಮತ್ತೆ ತಿದ್ದೋದು ಥಿಯರಿ ಉತ್ತರ ಪತ್ರಿಕೆ ಮಾತ್ರ, ಕಾಲೇಜಿನಿಂದ ಹೋದ 20 ಅಲ್ಲ.